ಡಾಕ್ಟರಮ್ಮನ ಡಾಡ್ಜ್‌ಗೆ ಹಾಕಿದ ಬೋಲ್ಟು

೧೪ ಅಕ್ಟೋಬರ್ ೧೯೬೧, ಶನಿವಾರ

ಬೀಜದಂಗಡಿಯವರು ಜನವರಿಯಲ್ಲಿ ಕೊಟ್ಟ ಈ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಕಾರು ರಿಪೇರಿಗೆ ಬಿಡಲು ಬಂದ ಡಾಕ್ಟರಮ್ಮ ನನ್ನ ಬಸುರಿ ಹೆಂಡತಿಯನ್ನೂ ನೋಡಿ, "ರಾಮಯ್ಯ, ಸೊಣ್ಣಮ್ಮನಿಗೆ ಬರೆಯೋಕೆ ಬರಲ್ಲ, ನೀನಾದ್ರೂ ಮಿಡ್ಲ್ ಸ್ಕೂಲ್ ಮುಗಿಸಿದೀಯ. ಕಾಲು ಊದಿದೆಯಾ, ತಲೆ ನೋಯುತ್ತಾ, ಮಗು ಒದೀತಿದೆಯಾ, ದಿನಾ ಒಂದು ಸಾಲು ಬರೆದಿಡು" ಎಂದರು. ಬರೆಯೋಣ. ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಒಂದು ಸಾಲು ಬರೆಯುವುದೇನು ಕಷ್ಟ.

ಮೊದಲು ಕಾರಿನ ವಿಷಯ. ಡಾಡ್ಜಿನ ಎಂಜಿನ್ ಮುಂಭಾಗದಿಂದ ಆಯಿಲ್ ಸೋರುತ್ತಿದೆ, ಅದನ್ನು ತಡೆಯುವ ಸೀಲು ಹೋಗಿದೆ. ಸೀಲು ಬದಲಿಸಬೇಕಾದರೆ ಅದರ ಮುಂದೆ ಕೂತಿರುವ ಡ್ಯಾಂಪರ್ ಗಾಲಿಯನ್ನು ಕೀಳಬೇಕು. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿನ ಮೂತಿಗೆ ಸಿಕ್ಕಿಸಿದ ಭಾರದ ಗಾಲಿ ಅದು. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಬಳೆ, ನಡುವೆ ರಬ್ಬರು. ಆರು ಸಿಲಿಂಡರುಗಳು ಒಂದರ ಹಿಂದೆ ಒಂದು ಒದೆಯುವಾಗ ಶಾಫ್ಟಿಗೆ ಬರುವ ನಡುಕವನ್ನು ಈ ಗಾಲಿ ನುಂಗಿಕೊಳ್ಳುತ್ತದೆ. ಅದನ್ನು ಹಿಡಿದಿಡುವುದು ನಟ್ಟನಡುವಿನ ಒಂದೇ ಒಂದು ದಪ್ಪ ಬೋಲ್ಟು. ಯಲಹಂಕದಲ್ಲಿ ಆ ಬೋಲ್ಟಿಗೆ ಕೈ ಹಾಕುವ ಮೇಸ್ತ್ರಿ ಈ ಮುನಿರಾಮಯ್ಯ ಒಬ್ಬನೇ. ಯಶವಂತಪುರದಲ್ಲಿ ಅನ್ವರ್ ಅಂತ ಒಬ್ಬನಿದ್ದಾನಂತೆ. ಮಿಲಿಟರಿ ವರ್ಕ್‌ಷಾಪಿನಲ್ಲಿದ್ದು ಬಂದವನು, ಬೋಲ್ಟು ಬಿಗಿ ಮಾಡಲು ಮುಳ್ಳಿರುವ ಸ್ಪ್ಯಾನರು ಇಟ್ಟುಕೊಂಡಿದ್ದಾನಂತೆ. ಕಡಲೆಕಾಯಿ ತೂಗುವವನ ಹಾಗೆ ಮುಳ್ಳು ನೋಡಿಕೊಂಡು ಬಿಗಿ ಮಾಡುವುದೂ ಒಂದು ಕೆಲಸವೇ! ಬಿಗಿ ಎಷ್ಟೆಂದು ನನ್ನ ಕೈಗೇ ಗೊತ್ತು.

ಈ ಕಾರು ಬೇಗ ಸರಿಯಾಗಬೇಕು, ಅದು ಬೇರೆ ಮಾತು. ಸೊಣ್ಣಮ್ಮನಿಗೆ ಹಿಂದಿನ ಎರಡು ಹೆರಿಗೆಯೂ ಮನೆಯಲ್ಲೇ ಆಯಿತು. ಎರಡೂ ಮಕ್ಕಳು ಉಳಿಯಲಿಲ್ಲ, ಎರಡನೆಯ ಸಲ ಅವಳು ಉಳಿದದ್ದೇ ಹೆಚ್ಚು. ಈ ಸಲ ನೋವು ಶುರುವಾದ ತಕ್ಷಣ ತಮ್ಮ ಕಾರಿನಲ್ಲೇ ವಾಣಿ ವಿಲಾಸ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಡಾಕ್ಟರಮ್ಮ ಮಾತು ಕೊಟ್ಟಿದ್ದಾರೆ. ನವೆಂಬರ್ ಇಪ್ಪತ್ತರ ಆಜುಬಾಜು. ಬಸ್ಸು, ಜಟಕಾ ನೆಚ್ಚಿಕೊಂಡರೆ ಆಗುವ ಮಾತಲ್ಲ ಎಂದರು.

ಕಾಲು ಊದಿಲ್ಲ. ಒದೆಯುತ್ತಿದೆ.

೧೮ ಅಕ್ಟೋಬರ್, ಬುಧವಾರ

ಆಯುಧಪೂಜೆ. ಷೆಡ್ಡನ್ನು ಗುಡಿಸಿ, ನೀರು ಹಾಕಿ, ಮಾವಿನ ಸೊಪ್ಪು ಕಟ್ಟಿದೆ. ಸ್ಪ್ಯಾನರು, ಸುತ್ತಿಗೆ, ಜಾಕಿ ಎಲ್ಲವನ್ನೂ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಡಾಡ್ಜಿನ ಬಿಚ್ಚಿದ ಸಾಮಾನುಗಳಿಗೂ ಅದೇ ಸಾಲಿನಲ್ಲಿ ಜಾಗ. ಗಂಧ ತೇದು ಕುಂಕುಮ ಕಲಸಿ ಒಂದೊಂದಕ್ಕೂ ನನ್ನ ಕೈಯಾರೆ ಹಚ್ಚಿದೆ. ಗಾಲಿಯ ನಡುವಿನ ತೂತಿಗೆ, ಬೋಲ್ಟಿನ ತಲೆಗೆ, ಅದರ ಥ್ರೆಡ್ಡಿಗೂ ಧಾರಾಳವಾಗಿ ಬಳಿದೆ. ಸೊಣ್ಣಮ್ಮ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದವಳು, "ಸಂದಿಗೊಂದಿಗೆಲ್ಲಾ ಯಾಕೆ ಮೆತ್ತೀಯ? ಮ್ಯಾಲೊಂದು ಬೊಟ್ಟು ಇಡು, ಸಾಕು" ಎಂದಳು. "ದೇವ್ರ ಕೆಲ್ಸದಲ್ಲಿ ಜುಗ್ಗತನ ಮಾಡ್ಬಾರ್ದು ಕಣೇ" ಎಂದೆ. ಇವಳು ಎಲ್ಲದಕ್ಕೂ ಮೂಗು ತೂರಿಸುತ್ತಾಳೆ.

ಬೂದುಗುಂಬಳ ಒಡೆದೆ. ಒಂದೇ ಏಟಿಗೆ ನಾಲ್ಕು ಹೋಳು. ನೋಡಿದವರು ಭೇಷ್ ಎಂದರು.

ಒದೆಯುತ್ತಿದೆ.

೨೦ ಅಕ್ಟೋಬರ್, ಶುಕ್ರವಾರ

ಡಾಡ್ಜ್ ಮುಗಿಯಿತು. ಹೊಸ ಸೀಲು ಕೂರಿಸಿ ಗಾಲಿ ಏರಿಸಿದೆ. ಮೂತಿಯ ಮೇಲೆ ಸುಮ್ಮನೆ ಹತ್ತುವ ಗಾಲಿ ಅಲ್ಲ ಅದು, ಬಿಗಿಯಾಗಿ ಇರುತ್ತದೆ. ಮರದ ತುಂಡು ಅಡ್ಡ ಕೊಟ್ಟು ಆರು ಪೌಂಡಿನ ಸುತ್ತಿಗೆಯಲ್ಲಿ ಹನ್ನೊಂದು ಏಟು. ಶಾಫ್ಟಿಗೂ ಗಾಲಿಗೂ ನಡುವೆ ಕೀ ಎಂಬ ಸಣ್ಣ ಉಕ್ಕಿನ ತುಂಡು ಇರುತ್ತದೆ, ಎರಡೂ ಒಟ್ಟಿಗೆ ತಿರುಗಲಿ ಎಂದು. ಅದನ್ನೂ ಅದರ ಕಚ್ಚಿನಲ್ಲೇ ಕೂರಿಸಿದೆ. ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಸ್ಪ್ಯಾನರಿಗೆ ಮೂರಡಿ ಪೈಪು ತೂರಿಸಿ ಬೋಲ್ಟನ್ನು ಎಳೆದೆ. ಇನ್ನು ಆಗದು ಎಂದು ಅದೇ ಹೇಳುವ ತನಕ ಎಳೆದೆ. ಕುಂಕುಮ, ಗಂಧ ಒಣಗಿ ಅಂಟಿಕೊಂಡಿತ್ತು, ಹಾಗೇ ಬಿಟ್ಟೆ. ಪೂಜೆಯಾದ ಸಾಮಾನನ್ನು ಎರಡೇ ದಿನಕ್ಕೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು ನನ್ನ ಅಪ್ಪನಿಗೂ ಇಷ್ಟವಿರಲಿಲ್ಲ, ನನಗೂ ಇಲ್ಲ.

ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು ಡಾಕ್ಟರಮ್ಮ ಕಾರು ತೆಗೆದರು. ಆಯಿಲ್ ಒಂದು ತೊಟ್ಟೂ ಇಲ್ಲ. "ಪರವಾಗಿಲ್ಲ ರಾಮಯ್ಯ" ಎಂದರು. ಡಾಕ್ಟರಮ್ಮನ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಕಾಲು ಚೂರು ಊದಿದೆ. ಬರೆದಿದ್ದೇನೆ.

೨೯ ಅಕ್ಟೋಬರ್, ಭಾನುವಾರ

ಮೂವತ್ತು ಮೈಲಿ ವೇಗಕ್ಕೆ ಬಂದರೆ ಸ್ಟಿಯರಿಂಗ್ ಜುಮ್ ಅನ್ನುತ್ತದೆ ಎಂದು ಡಾಕ್ಟರಮ್ಮ ಬಂದು ಹೇಳಿದರು. ಎಂಜಿನ್ ಕೂತಿರುವ ರಬ್ಬರು ಹಳತಾಗಿದೆ ಎಂದು ನೋಡಿದ ಕೂಡಲೇ ಹೇಳಿದೆ. ಬದಲಿಸಿದೆ. "ಈಗ್ಲೂ ಇದೆ" ಎಂದರು. "ಹೊಸ ರಬ್ಬರ್ ಅಲ್ವಾ ಅಮ್ಮಾ, ಒಂದು ವಾರ ಓಡ್ಲಿ, ಒಗ್ಗುತ್ತೆ" ಎಂದೆ. ಡಾಕ್ಟರುಗಳಿಗೆ ಅನುಮಾನ ಜಾಸ್ತಿ, ಅದು ಅವರ ಕಸುಬು. ಎಂಜಿನ್ ಮೂತಿಯ ಗಾಲಿ ನೋಡಿದೆಯಾ ಎಂದು ಕೇಳಿದರು. ನಾನು ಹಾಕಿದ ಬೋಲ್ಟನ್ನು ನಾನೇ ನೋಡಬೇಕೆ?

ಸೊಣ್ಣಮ್ಮನಿಗೆ ಬೆಳಗ್ಗೆ ತಲೆನೋವಿತ್ತು. ಮಧ್ಯಾಹ್ನಕ್ಕೆ ಹೋಯಿತು.

೨ ನವೆಂಬರ್, ಗುರುವಾರ

ಡಾಡ್ಜ್ ನಿಂತುಹೋಯಿತು. ರಾಜಾನುಕುಂಟೆ ಇನ್ನೂ ಒಂದು ಮೈಲಿ ಇರುವಾಗ.

ಅಲ್ಲೊಬ್ಬ ಹೆಂಗಸಿಗೆ ಹೆರಿಗೆ ಕಷ್ಟವಾಗಿದೆ ಎಂದು ಕರೆ ಬಂದಿತ್ತಂತೆ. ದಾರಿಯಲ್ಲಿ ಗಡಗಡ ಸದ್ದು, ಆಮೇಲೆ ಡ್ಯಾಂಪರ್ ಗಾಲಿ ಎಳೆಯುವ ಫ್ಯಾನ್ ಬೆಲ್ಟು ಹಾರಿಹೋಗಿ ರೇಡಿಯೇಟರು ಕುದಿದು ಹೊಗೆ. ಡಾಕ್ಟರಮ್ಮ ಬ್ಯಾಗು ಹಿಡಿದು ನಡೆದರು, ಅರ್ಧ ದಾರಿಯಲ್ಲಿ ಹುಲ್ಲಿನ ಗಾಡಿ ಸಿಕ್ಕಿತು. ತಾಯಿ, ಮಗು ಇಬ್ಬರೂ ಬದುಕಿದರು. ಸಂಜೆ ಎತ್ತು ಕಟ್ಟಿ ಎಳೆಸಿಕೊಂಡು ಕಾರನ್ನು ನನ್ನ ಷೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಬೀದಿಯವರೆಲ್ಲ ನೋಡುತ್ತಿದ್ದರು. ಡಾಕ್ಟರಮ್ಮ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸೀರೆಯ ಅಂಚಿನ ತುಂಬ ಧೂಳು.

"ಇನ್ನು ಅರ್ಧ ಗಂಟೆ ತಡವಾಗಿದ್ರೆ ಆ ತಾಯಿ ಉಳೀತಿರ್ಲಿಲ್ಲ ರಾಮಯ್ಯ. ನಿನ್ನ ಹೆಂಡ್ತಿಗೆ ಇನ್ನು ಹದಿನೆಂಟು ದಿನ. ಈ ಗಾಡೀಲಿ ಅವಳನ್ನ ಕೂರಿಸ್ಕೊಂಡು ಹೊರಡೋ ಧೈರ್ಯ ನನಗಿಲ್ಲ" ಎಂದರು. ಸಿಟಿಯಿಂದ ಯಾರನ್ನಾದರೂ ಕರೆಸುತ್ತೇನೆ ಎಂದೂ ಹೇಳಿದರು. ಹತ್ತು ಹನ್ನೆರಡು ದಿನ ಕೊಡಿ ಎಂದು ಕೇಳಿಕೊಂಡೆ. ಒಪ್ಪಿದರು, ಮುಖ ನೋಡದೆ ಒಪ್ಪಿದರು.

ಬೋಲ್ಟೇ ಸರಿಯಿಲ್ಲ. ಹಳೆಯ ಬೋಲ್ಟು, ಉಕ್ಕು ಸೋತುಹೋಗಿದೆ. ತಪ್ಪು ನನ್ನ ಕೈಯದ್ದಲ್ಲ.

ಭಯ ಆಗುತ್ತಿದೆ ಎಂದು ಬರೆದರೆ ಯಾರಾದರೂ ಓದುತ್ತಾರೆಯೇ? ಓದುವುದಿಲ್ಲ. ಭಯ ಆಗುತ್ತಿದೆ.

೪ ನವೆಂಬರ್, ಶನಿವಾರ

ಬಿಚ್ಚಿದೆ. ಗಾಲಿ ಕೈಯಲ್ಲೇ ಈಚೆ ಬಂತು, ಎಳೆಯುವ ಕೆಲಸವೇ ಇರಲಿಲ್ಲ. ಕೀ ಅರ್ಧ ತುಂಡಾಗಿದೆ. ಶಾಫ್ಟಿನ ಮೂತಿಯ ಮೇಲೆ ಗೀರು. ಗಾಲಿಯ ರಬ್ಬರು ಒಂದು ಕಡೆ ಬಾಯಿಬಿಟ್ಟಿದೆ, ನನ್ನ ಸುತ್ತಿಗೆ ಬಿದ್ದ ಕಡೆ.

ಬೋಲ್ಟಿನ ಥ್ರೆಡ್ಡಿನ ತುಂಬ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಸದ್ಯ, ತುಕ್ಕು, ನಾನು ಹೇಳಿದ್ದೇ ನಿಜ ಎಂದು ಸಮಾಧಾನವಾಯಿತು. ಉಗುರಿನಿಂದ ಕೆರೆದು ಮೂಗಿನ ಹತ್ತಿರ ತಂದೆ.

ಗಂಧದ ವಾಸನೆ.

ಹದಿಮೂರು ದಿನ ಎಂಜಿನ್ ಶಾಖದಲ್ಲಿ ಬೆಂದರೂ ಗಂಧದ ವಾಸನೆ ಹೋಗಿರಲಿಲ್ಲ. ಅದು ಗಟ್ಟಿಯಾಗಿ ಥ್ರೆಡ್ಡಿನ ಒಳಗೆ ಕೂತು ಬೋಲ್ಟನ್ನು ತಡೆದು ನಿಲ್ಲಿಸಿದೆ. ನಾನು ಪೈಪು ಹಾಕಿ ಎಳೆದಾಗ ಕೈಗೆ ಸಿಕ್ಕ ಬಿಗಿ ಬೋಲ್ಟಿನದಲ್ಲ, ಗಂಧದ್ದು. ಓಡಾಡಿ ಅದು ಪುಡಿಯಾದ ಮೇಲೆ ಬೋಲ್ಟು ಸಡಿಲ. ಬೊಟ್ಟು ಸಾಕು ಎಂದು ಸೊಣ್ಣಮ್ಮ ಹೇಳಿದ್ದಳು.

ಯಾರಿಗೂ ಹೇಳಿಲ್ಲ. ಬೋಲ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟಿದ್ದೇನೆ.

೫ ನವೆಂಬರ್

ಸೊಣ್ಣಮ್ಮನ ಕಾಲು ಊದಿದೆ, ಒತ್ತಿದರೆ ಗುಳಿ ಬೀಳುತ್ತದೆ. ಒತ್ತಿ ನೋಡಿದ್ದು ಇವತ್ತೇ ಮೊದಲು.

೬ ನವೆಂಬರ್, ಸೋಮವಾರ

ಬೆಳಗಾಗುತ್ತಲೇ ಸೊಣ್ಣಮ್ಮನಿಗೆ ಹೇಳಿಬಿಟ್ಟೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಆವತ್ತೇ ಅಂದೆನಲ್ಲ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. "ಎಸವಂತಪುರದ ಸಾಬ್ರ ತಾವ ಓಗು" ಎಂದಳು.

"ಆ ಮುಳ್ಳಿನ ಸ್ಪ್ಯಾನರಿನವನ ಹತ್ರಾನಾ?"

"ನೀನು ಓಗಾಕೆ ನಾಚ್ಕೊಂಡ್ರೆ ನಾನೇ ಓಗ್ತೀನಿ. ಈ ಒಟ್ಟೆ ಒತ್ಕೊಂಡು ರೈಲು ಅತ್ತಿ ಓಗ್ತೀನಿ" ಎಂದಳು. ತಮಾಷೆಗೆ ಹೇಳಿದ್ದಲ್ಲ, ಹೊರಟೇಬಿಡುತ್ತಿದ್ದಳು. ಬೆಳಗಿನ ರೈಲು ಹಿಡಿದೆ.

ಅನ್ವರನ ಷೆಡ್ಡು ರೈಲ್ವೆ ಗೇಟಿನ ಹಿಂದೆ. ನೆಲದ ಮೇಲೆ ಒಂದು ಹನಿ ಎಣ್ಣೆ ಇಲ್ಲ, ನಮ್ಮ ಮನೆಯ ಹಜಾರಕ್ಕಿಂತ ಚೊಕ್ಕಟ. ಅರವತ್ತರ ಮನುಷ್ಯ, ಬಿಳಿ ಗಡ್ಡ, ಕನ್ನಡಕಕ್ಕೆ ದಾರ. ನಾನು ಎಲ್ಲ ಹೇಳಿದೆ, ಒಂದು ಬಿಟ್ಟು. ಥ್ರೆಡ್ಡಿನಲ್ಲಿ ಧೂಳು ಕೂತಿತ್ತು ಎಂದೆ. ಅವರು ಬೋಲ್ಟನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆದರೂ ಬುಡದಲ್ಲಿ ಕೆಂಪು ಉಳಿದಿತ್ತು.

"ಯಲಹಂಕದ ಧೂಳು ಇಷ್ಟು ಕೆಂಪಗಿರುತ್ತಾ ಮೇಸ್ತ್ರಿ?" ಎಂದರು.

ಹೇಳಿದೆ. ಪೂಜೆ, ಗಂಧ, ಒರೆಸದೇ ಬಿಟ್ಟದ್ದು. ಕೇಳಿ ನಗುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ಟೀ ತರಿಸಿದರು. "ನಮ್ಮ ವರ್ಕ್‌ಷಾಪಲ್ಲಿ ಒಬ್ಬ ಬೋಲ್ಟಿಗೆ ಬಣ್ಣ ಹೊಡೆದು ಹಾಕಿದ್ದ, ಇನ್‌ಸ್ಪೆಕ್ಷನ್ ಇತ್ತು ಅಂತ. ಲಾರಿ ಹಳ್ಳಕ್ಕೆ ಹೋಯ್ತು. ಬೋಲ್ಟಿಗೆ ಭಕ್ತೀನೂ ಗೊತ್ತಿಲ್ಲ, ಇನ್‌ಸ್ಪೆಕ್ಷನ್ನೂ ಗೊತ್ತಿಲ್ಲ. ಚೊಕ್ಕಟ ಇದ್ರೆ ಹಿಡ್ಕೊಳ್ಳುತ್ತೆ" ಎಂದರು. ಭಾನುವಾರ ಬರುತ್ತೇನೆ ಎಂದರು. ಹೆಂಡತಿಯ ದಿನ ಯಾವಾಗ ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.

ಬರುವಾಗ ಡಾಕ್ಟರಮ್ಮನ ಮನೆಗೆ ಹೋಗಿ ಸೊಣ್ಣಮ್ಮನ ಕಾಲಿನ ವಿಷಯ ಹೇಳಿದೆ. ಉಪ್ಪು ಕಮ್ಮಿ ಮಾಡಬೇಕಂತೆ, ಎಡಮಗ್ಗುಲಿಗೆ ಮಲಗಬೇಕಂತೆ.

೯ ನವೆಂಬರ್

ದೀಪಾವಳಿ. ಪಟಾಕಿ ಸದ್ದಿಗೆ ಮಗು ಬೆಚ್ಚಿ ಒದೆಯಿತು ಎಂದು ಸೊಣ್ಣಮ್ಮ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟಳು. ನಿಜ. ಉಪ್ಪಿಲ್ಲದ ಸಾರು ನಾನೂ ಉಣ್ಣುತ್ತಿದ್ದೇನೆ, ಚೆನ್ನಾಗೇನೂ ಇಲ್ಲ.

೧೨ ನವೆಂಬರ್, ಭಾನುವಾರ

ಅನ್ವರ್ ಸಾಬರು ಒಂಬತ್ತರ ರೈಲಿಗೆ ಬಂದರು. ತಗಡಿನ ಪೆಟ್ಟಿಗೆಯ ಜೊತೆಗೆ ಗೋಣಿಚೀಲದಲ್ಲಿ ಇನ್ನೊಂದು ಡ್ಯಾಂಪರ್ ಗಾಲಿ. ಹಳೆಯ ಮಿಲಿಟರಿ ಎಂಜಿನ್ನಿನದು, ರಬ್ಬರು ಗಟ್ಟಿಯಾಗಿದೆ. ನಾನು ಪಕ್ಕಕ್ಕೆ ಸರಿದು ಜಾಗ ಕೊಟ್ಟೆ. ಅವರು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

"ಕೈ ನಿಮ್ದೇ ಮೇಸ್ತ್ರಿ. ನಾನು ಹಾಕಿದ್ರೆ ಗಾಡಿ ರಿಪೇರಿ ಆಗುತ್ತೆ, ನಿಮ್ಮ ಧೈರ್ಯ ರಿಪೇರಿ ಆಗಲ್ಲ."

ಮೊದಲು ಒರೆಸುವ ಕೆಲಸ. ಬೋಲ್ಟು ಹೋಗುವ ತೂತನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನದೆಲ್ಲ ತೆಗೆದೆ. ಬಿಳಿ ಬಟ್ಟೆ ಬಿಳಿಯಾಗೇ ಈಚೆ ಬರಬೇಕು ಎಂದರು. ಏಳನೆಯ ಸಲಕ್ಕೆ ಬಂತು. ಮೂತಿಯ ಗೀರನ್ನು ನುಣ್ಣನೆ ಅರದಿಂದ ಸವರಿ, ಎಮೆರಿ ಕಾಗದ ಎಳೆದು, ಬೆರಳಿಗೆ ಏನೂ ತಾಗದ ಹಾಗೆ ಮಾಡಿದೆ. ಹೊಸ ಕೀ ಕೂರಿಸಿದೆ. ಮೂತಿಗೆ ತೆಳ್ಳಗೆ ಎಣ್ಣೆ ಸವರಿದೆ. ಕೈ ತಾನಾಗಿ ಸುತ್ತಿಗೆಯ ಕಡೆ ಹೋಯಿತು. ಸಾಬರು ಸುತ್ತಿಗೆಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಪೆಟ್ಟಿಗೆಯಿಂದ ಉದ್ದನೆಯ ಥ್ರೆಡ್ಡಿನ ಕಂಬಿ, ದಪ್ಪ ವಾಷರು, ನಟ್ಟು ಕೊಟ್ಟರು. ಕಂಬಿಯನ್ನು ಶಾಫ್ಟಿನ ಒಳಕ್ಕೆ ಪೂರ್ತಿ ತಿರುಗಿಸಬೇಕು, ಎರಡೇ ಸುತ್ತು ಹಿಡಿದಿದ್ದರೆ ಕಿತ್ತು ಬರುತ್ತದೆ. ಗಾಲಿಯನ್ನು ಕೀಗೆ ಸರಿಯಾಗಿ ಹೊಂದಿಸಿ, ವಾಷರು ಇಟ್ಟು, ನಟ್ಟು ತಿರುಗಿಸುತ್ತಾ ಬಂದರೆ ಗಾಲಿ ತಾನಾಗಿ ಒಳಗೆ ಸರಿಯುತ್ತದೆ. ಒಂದು ಏಟಿಲ್ಲ. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ತಳಕ್ಕೆ ಮುಟ್ಟಿದ್ದು ಕೈಗೆ ಗೊತ್ತಾಯಿತು. ಇಪ್ಪತ್ತು ವರ್ಷ ಬಡಿದು ಕೂರಿಸಿದವನಿಗೆ ಅದನ್ನು ನೋಡಿ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಆಮೇಲೆ ಆ ಮುಳ್ಳಿನ ಸ್ಪ್ಯಾನರು. ವೈಸಿನ ದವಡೆಯಲ್ಲಿ ಬೇರೊಂದು ಬೋಲ್ಟು ಸಿಕ್ಕಿಸಿ, ಮುಳ್ಳಿಗೆ ಬಟ್ಟೆ ಮುಚ್ಚಿ, "ನಿಮ್ಮ ಕೈ ಅಳತೆಗೆ ಬಿಗಿ ಮಾಡಿ, ಮೂರು ಸಲ" ಎಂದರು. ಮೂರು ಸಲವೂ ಒಂದೇ ಬಿಗಿ ಎಂದು ಆಣೆ ಇಟ್ಟು ಹೇಳುತ್ತಿದ್ದೆ. ಸಾಬರು ಪ್ರತಿ ಸಲವೂ ಬಟ್ಟೆಯಡಿ ಇಣುಕಿ ಮುಳ್ಳು ನಿಂತ ಕಡೆ ಸೀಮೆಸುಣ್ಣದ ಗುರುತು ಹಾಕಿದ್ದರು. ಬಟ್ಟೆ ತೆಗೆದರೆ ಮೂರು ಗುರುತು ಮೂರು ಕಡೆ. ನನಗೆ ನನ್ನ ಮೇಲೇ ನಗು ಬಂತು.

ಕಾರಿಗೆ ಹೊಸ ಬೋಲ್ಟು, ಹೊಸ ವಾಷರು. ಗೇರು ಹಾಕಿ ಕಲ್ಲು ಕೊಡುವುದನ್ನೂ ಬಿಡಿಸಿದರು. ಕೆಳಗಿನ ತಗಡು ಬಿಚ್ಚಿ ಶಾಫ್ಟಿನ ಹಿಂತುದಿಯ ಫ್ಲೈವೀಲಿನ ಹಲ್ಲಿಗೆ ಉಕ್ಕಿನ ಪಟ್ಟಿ ಸಿಕ್ಕಿಸಿದರೆ ಶಾಫ್ಟು ಅಲುಗುವುದಿಲ್ಲ. ಸಾಬರ ರಿಪೇರಿ ಪುಸ್ತಕದಲ್ಲಿ ಬರೆದ ಗೆರೆಗೆ ಮುಳ್ಳು ಬರುವ ತನಕ ಒಂದೇ ಸಮ ಎಳೆದೆ. ಬಂದು ನಿಂತಿತು. ಸಾಬರು ಕನ್ನಡಕ ಏರಿಸಿ ನೋಡಿ, ಸುತ್ತಿಗೆಯನ್ನು ವಾಪಸು ಕೊಟ್ಟರು.

ಸೊಣ್ಣಮ್ಮ ಉಪ್ಪಿಟ್ಟು ತಂದಿದ್ದಳು, ಜೊತೆಗೆ ಕುಂಕುಮದ ಬಟ್ಟಲು. ಬಾನೆಟ್ಟಿನ ಮೇಲೆ ಬೆರಳ ತುದಿಯಷ್ಟು ಒಂದು ಬೊಟ್ಟು ಇಟ್ಟು, "ಇಲ್ಲಿದ್ರೂ ದ್ಯಾವ್ರಿಗೆ ಕಾಣ್ತದೆ" ಎಂದಳು. ಸಾಬರು ಜೋರಾಗಿ ನಕ್ಕರು.

ಅವಳು ನಡೆಯುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದಾಳೆ. ಊತ ಕಮ್ಮಿಯಾಗಿದೆ. ತಲೆನೋವಿಲ್ಲ. ಉಪ್ಪಿಟ್ಟಿನಲ್ಲಿ ನಮ್ಮಿಬ್ಬರ ಪಾಲಿಗೆ ಉಪ್ಪು ಹಾಕಿರಲಿಲ್ಲ.

೧೪ ನವೆಂಬರ್, ಮಂಗಳವಾರ

ಕಾರು ಒಪ್ಪಿಸಲು ಹೋದೆ. ದಾರಿಯುದ್ದಕ್ಕೂ ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ: ಹಳೆಯ ಬೋಲ್ಟು, ಸೋತ ಉಕ್ಕು, ಈಗ ಹೊಸದು ಹಾಕಿದೆ. ಸುಳ್ಳೂ ಅಲ್ಲ, ಬೋಲ್ಟು ಹಳೆಯದೇ. ಡಾಕ್ಟರಮ್ಮ ಜಗುಲಿಯ ಮೇಲೆ ನಿಂತು, "ಏನಾಗಿತ್ತು?" ಎಂದರು. ಹಳೆಯ ಬೋಲ್ಟು ಎಂದು ಶುರು ಮಾಡಿದವನು, ಅದೇಕೋ ಪೂರ್ತಿ ಹೇಳಿಬಿಟ್ಟೆ. ಗಂಧ ಮೆತ್ತಿದ್ದು, ಒರೆಸದ್ದು, ಸುತ್ತಿಗೆ, ನೀವು ಕೇಳಿದಾಗಲೂ ಗಾಲಿ ನೋಡದೇ ಇದ್ದದ್ದು. ಅನ್ವರ್ ಸಾಬರು ಬಂದು ಹೇಳಿಕೊಟ್ಟದ್ದು ಎಂದೂ ಹೇಳಿದೆ.

ಅವರು ಜಗುಲಿ ಇಳಿದು ಬಂದು ಬಾನೆಟ್ಟಿನ ಮೇಲೆ ಕೈ ಇಟ್ಟರು. ಈ ಗಾಡಿಯಲ್ಲಿ ಸೊಣ್ಣಮ್ಮನನ್ನು ಕೂರಿಸುವುದಿಲ್ಲ ಎಂದುಬಿಟ್ಟರೆ ನಾನು ಎಲ್ಲಿಗೆ ಹೋಗಲಿ?

"ಈಗ ಸರಿಯಿದೆಯಾ?"

"ಬಿಗಿ ಇದೆ ಅಮ್ಮ. ಆದ್ರೂ ನಾಲ್ಕು ದಿನ ಓಡಿಸಿ. ದಿನಾ ಸಾಯಂಕಾಲ ಬಂದು ಮುಳ್ಳು ಹಾಕಿ ನೋಡ್ತೀನಿ. ಸಾಬ್ರು ಸ್ಪ್ಯಾನರ್ ಬಿಟ್ಟು ಹೋಗಿದಾರೆ."

ಡಾಕ್ಟರಮ್ಮ ಕೀಲಿ ತೆಗೆದುಕೊಂಡು ಒಬ್ಬರೇ ರಾಜಾನುಕುಂಟೆಯ ತನಕ ಓಡಿಸಿಕೊಂಡು ಬಂದರು. ನಾನು ಅವರ ಗೇಟಿನಲ್ಲೇ ನಿಂತಿದ್ದೆ. ಬಂದು ಎಂಜಿನ್ ನಿಲ್ಲಿಸದೆ, "ಸೊಣ್ಣಮ್ಮನ ಬಟ್ಟೆ ಗಂಟು ಕಟ್ಟಿಟ್ಟಿದೀಯಾ?" ಎಂದರು. ಕಣ್ಣಲ್ಲಿ ನೀರು ಬಂತು. ಕಟ್ಟಿಲ್ಲ ಎಂದೆ. ಆಗ ಬೈದರು ನೋಡಿ, ಕೇಳಿ ಹಾಯಾಯಿತು.

೧೬ ನವೆಂಬರ್

ಮುಳ್ಳು ಗೆರೆ ಬಿಟ್ಟು ಕದಲಿಲ್ಲ. ಡಾಡ್ಜ್ ಬೀದಿಯಲ್ಲಿ ಹೋದಾಗಲೆಲ್ಲ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಸಂತೆ ಗದ್ದಲದಲ್ಲೂ ಅದರ ಸದ್ದು ಬೇರೆಯಾಗಿ ಕೇಳುತ್ತದೆ.

ಸೊಣ್ಣಮ್ಮನಿಗೆ ನಿದ್ದೆ ಇಲ್ಲ. ಹುಳಿ ಬೇಕಂತೆ, ಹುಣಿಸೆಹಣ್ಣು ತಂದೆ. ಹಿಂದಿನ ಇಬ್ಬರು ಮಕ್ಕಳಿಗೂ ಅವಳು ಮನಸ್ಸಿನಲ್ಲೇ ಹೆಸರಿಟ್ಟಿದ್ದಳಂತೆ. ಇವತ್ತು ಹೇಳಿದಳು. ಆ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

೨೦ ನವೆಂಬರ್, ಸೋಮವಾರ

ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ.

ಶನಿವಾರ ಬೆಳಗ್ಗೆ ನೀರು ಸೇದುವಾಗ ನೋವು ಬಂತು. ಓಡಿದೆ. ಡಾಕ್ಟರಮ್ಮ ಕಾಫಿ ಲೋಟ ಹಾಗೇ ಬಿಟ್ಟು ಎದ್ದರು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ನೋವು ಬಂದಾಗ ನನ್ನ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿದ್ದಳು, ಉಗುರಿನ ಗುರುತು ಈಗಲೂ ಇದೆ. ಎರಡು ನೋವಿನ ನಡುವೆ ಎಷ್ಟು ಹೊತ್ತು ಎಂದು ಡಾಕ್ಟರಮ್ಮ ಮುಂದಿನಿಂದ ಕೇಳುತ್ತಿದ್ದರು, ನಾನು ಎಣಿಸಿ ಹೇಳುತ್ತಿದ್ದೆ. ಒಂದು ಕಡೆ ಅವಳು, "ಉಳೀತದಾ?" ಎಂದಳು. "ಉಳೀತದೆ, ನೀನೂ ಉಳೀತೀಯ" ಎಂದೆ. ನನಗೇನು ಗೊತ್ತಿತ್ತು? ಆದರೂ ಗಟ್ಟಿಯಾಗಿ ಹೇಳಿದೆ. ಮಧ್ಯಾಹ್ನ ಒಂದೂ ಹತ್ತಕ್ಕೆ ಹುಟ್ಟಿತು. ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡಿತ್ತಂತೆ, ಮನೆಯಲ್ಲಾಗಿದ್ದರೆ ಕಷ್ಟವಿತ್ತು ಎಂದರು. ಆಸ್ಪತ್ರೆಯ ಜಗುಲಿಯಲ್ಲಿ ಹತ್ತು ಜನರ ಮುಂದೆ ಅತ್ತುಬಿಟ್ಟೆ.

ಇವತ್ತು ಬಟ್ಟೆ ತರಲೆಂದು ಊರಿಗೆ ಹೊರಟವನು ಯಶವಂತಪುರದಲ್ಲಿ ಇಳಿದು ಅನ್ವರ್ ಸಾಬರಿಗೆ ಸುದ್ದಿ ಮುಟ್ಟಿಸಿದೆ. ಅವರು ನನ್ನನ್ನು ತಬ್ಬಿಕೊಂಡರು. ಕ್ಯಾಲೆಂಡರಿನ ಹತ್ತಿರ ಹೋಗಿ, ಎರಡು ದಿನ ಮುಂಚೆಯೇ ಬಂದಳು ಎಂದು ನಕ್ಕರು. ಆಮೇಲೆ ಕೇಳಿದರು:

"ಹೆಬ್ಬಾಳದ ಏರು ಹತ್ತೋವಾಗ ಎಂಜಿನ್ ಹೆಂಗಿತ್ತು ಮೇಸ್ತ್ರಿ? ಮೂವತ್ತು ದಾಟಿದ ಮೇಲೆ ನಡುಕ ಏನಾದ್ರೂ?"

ಎಷ್ಟು ಯೋಚಿಸಿದರೂ ಏನೂ ನೆನಪಾಗಲಿಲ್ಲ.

"ಗೊತ್ತಿಲ್ಲ ಸಾಬ್ರೇ" ಎಂದೆ. ಆಸ್ಪತ್ರೆಯ ತನಕ ಹನ್ನೊಂದು ಮೈಲಿಯೂ ನಾನು ಸೊಣ್ಣಮ್ಮನ ಉಸಿರನ್ನೇ ಕೇಳುತ್ತಾ ಕೂತಿದ್ದೆ.